ರಷ್ಯಾ ಮೇಡಂ ಹುಡುಕಿದ ತಪ್ಪುಗಳು

"ನೀವು ನದೀನೇ ತಿರುಗಿಸಿಬಿಟ್ಟಿದ್ದೀರಿ," ಎಂದಳು ರಷ್ಯಾ ಮೇಡಂ, ಬಾಗಿಲಲ್ಲೇ ನಿಂತು. "ಲೇನಾ ಉತ್ತರಕ್ಕೆ ಹರಿಯುತ್ತೆ. ನಿಮ್ಮ ಬಾಣ ದಕ್ಷಿಣಕ್ಕಿದೆ."

ವಿಶ್ವವಿದ್ಯಾಲಯದ ಪ್ರಕಾಶನದಲ್ಲಿ ನಕ್ಷೆ ಬಿಡಿಸುವ ನಮ್ಮ ನಕ್ಷೆಗಾರನಿಗೆ ಕಿವಿಯವರೆಗೂ ಬಿಸಿಯಾಯಿತು. ರಷ್ಯಾದ ಇತಿಹಾಸ ಬರೆದು ಆ ಅಡ್ಡಹೆಸರು ಪಡೆದವಳು ಅವಳು; ಈ ನಕ್ಷೆಗಳೆಲ್ಲ ಅವಳ ಪುಸ್ತಕಕ್ಕೇ. ಅವಳು ಕುರ್ಚಿ ಎಳೆದುಕೊಂಡು, ಸೈಬೀರಿಯಾಕ್ಕೆ ಗಡೀಪಾರಾದವರು ಆ ದಡದಲ್ಲಿ ಹೇಗೆ ಬದುಕಿದರೆಂದು ಹೇಳತೊಡಗಿದಳು. ಹೇಳುವಾಗ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು, ಮೇಲೆ ತಳ್ಳಿದರೆ ಮತ್ತೆ ಜಾರುತ್ತಿತ್ತು. ಅವನು ಕೇಳಿಸಿಕೊಂಡದ್ದು ಅರ್ಧ, ನೋಡಿದ್ದು ಪೂರ್ತಿ.

ಆ ತಪ್ಪು ನಿಜವಾದ ತಪ್ಪು. ಆಮೇಲಿನವು ಬೇಕೆಂದೇ ಮಾಡಿದವು. ಒಂದು ನಕ್ಷೆಯಲ್ಲಿ ರೈಲು ಹಳಿ ಊರು ತಪ್ಪಿಸಿ ಹೋಯಿತು, ಇನ್ನೊಂದರಲ್ಲಿ ಸರೋವರ ಪಕ್ಕಕ್ಕೆ ಸರಿಯಿತು. ಪ್ರತಿ ಸಲವೂ ಅವಳು ಕೆಂಪು ಪೆನ್ ಹಿಡಿದು ಬಂದು, ಬೈದು, ಕಾಫಿ ಕುಡಿದು ಹೋದಳು.

ಗುಟ್ಟು ತಿಳಿದ ಅವನ ಅಕ್ಕ ಮನೆಯಲ್ಲಿ ತರಾಟೆಗೆ ತೆಗೆದುಕೊಂಡಳು. "ನಾಚಿಕೆ ಆಗಲ್ವೇನೋ? ಆ ಹೆಣ್ಣುಮಗಳು ಜೀವ ತೇದು ಬರೆದ ಪುಸ್ತಕ ಕಣೋ ಅದು."

ನಿಜ. ರಷ್ಯನ್ ಕಲಿತರೆ ಹೊಟ್ಟೆ ತುಂಬುತ್ತದೆಯೇ ಎಂದು ಬಂಧುಗಳೆಲ್ಲ ಆಡಿಕೊಂಡಾಗ ತುಟಿಪಿಟಿಕ್ಕೆನ್ನದೆ ಕಲಿತವಳು ಅವಳು. ಕೊರೆಯುವ ಚಳಿಯ ದಾಖಲೆ ಕೋಣೆಗಳಲ್ಲಿ ಕೂತು, ಯಾರಿಗೂ ಬೇಡವಾದ ಹೆಂಗಸರ ಕತೆಗಳನ್ನು ಹೆಕ್ಕಿ ತಂದವಳು. ಪುಸ್ತಕ ಅಚ್ಚಿಗೆ ಹೋದ ಕೂಡಲೇ ಎರಡು ವರ್ಷದ ಮಟ್ಟಿಗೆ ಮತ್ತೆ ರಷ್ಯಾಕ್ಕೇ ಹೊರಡುವವಳಿದ್ದಳು. ಉಳಿದದ್ದು ಒಂದೇ ನಕ್ಷೆ. ಅದೂ ಸರಿಯಾಗಿಬಿಟ್ಟರೆ ಅವಳು ಈ ಕೋಣೆಗೆ ಬರಲು ಕಾರಣವೇ ಇಲ್ಲ. ಆದರೂ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಿಡಿಸಿದ.

ಅವಳು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪೆನ್ನಿನ ಮುಚ್ಚಳ ತೆಗೆದವಳು ಮತ್ತೆ ಹಾಕಿದಳು.

"ಒಂದೂ ತಪ್ಪಿಲ್ಲ." ಅವಳ ಮುಖ ಸಪ್ಪಗಾಗಿತ್ತು. "ಅಂದ್ರೆ ನಾನಿನ್ನು ಬರೋದು ಬೇಡ ಅಂತಾನಾ?"

"ಮೇಡಂ, ಹಾಗಾದ್ರೆ ನಿಮಗೆ ಮೊದಲೇ..."

"ಹಳೇ ಕಾಗದದಲ್ಲಿ ಸುಳ್ಳು ಹಿಡಿಯೋದೇ ನನ್ನ ಕೆಲಸ. ಸರೋವರ ತಾನಾಗಿ ಸರಿಯುತ್ತೇನ್ರೀ?"

ಅವನು ಒಪ್ಪಿಕೊಂಡ. "ನಿಮ್ಮ ಪುಸ್ತಕದ ಜೊತೆ ಇನ್ನೂ ಆಟ ಆಡೋಕೆ ಮನಸ್ಸು ಬರಲಿಲ್ಲ. ನೀವು ಬರದೇ ಇದ್ರೂ ಪರವಾಗಿಲ್ಲ, ಅದು ಸರಿಯಾಗಿರಲಿ ಅಂದ್ಕೊಂಡೆ. ಪರವಾಗಿಲ್ಲ ಅನ್ನೋದು ಮಾತ್ರ ಸುಳ್ಳು. ನೀವಂದ್ರೆ ನನಗೆ ಪ್ರಾಣ."

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು.

"ಎರಡು ವರ್ಷ ರಜೆ ಕೊಡ್ತಾರಾ ನಿಮಗೆ?"

"ಕೇಳಬೇಕು."

"ಹೋಗಿ ಕೇಳ್ಕೊಂಡು ಬನ್ನಿ. ನಾನಿಲ್ಲೇ ಕೂತಿರ್ತೀನಿ."

ಮೇಜಿನಡಿ ಬಿಟ್ಟ ಚಪ್ಪಲಿಯ ನೆನಪೂ ಇಲ್ಲದೆ ಅವನು ಬರಿಗಾಲಲ್ಲೇ ಹೊರಟ.