ಮೂವತ್ತು ಲೀಟರಿನ ಲೆಕ್ಕ

ದಿಲೀಪನ ಮೇಲೆ ನನಗೆ ಮೊದಲು ಹುಟ್ಟಿದ್ದು ಅನುಮಾನ. ಅಫಜಲಪುರದ ಟ್ಯೂಷನ್ನಿನಲ್ಲಿ ಮಿಶ್ರಣದ ಲೆಕ್ಕ ಕೊಟ್ಟಿದ್ದೆ: ಶೇಕಡಾ ಇಪ್ಪತ್ತರ ಔಷಧಕ್ಕೆ ಶೇಕಡಾ ಐವತ್ತರದ್ದು ಬೆರೆಸಿ, ಶೇಕಡಾ ಮೂವತ್ತರದ್ದು ಮೂವತ್ತು ಲೀಟರ್ ಮಾಡಬೇಕು. ಯಾವುದು ಎಷ್ಟು? ಎಲ್ಲರೂ ಎಕ್ಸ್ ಹಿಡಿದು ಒದ್ದಾಡುತ್ತಿದ್ದರೆ ಇವನು ನೇರ ಉತ್ತರ ಬರೆದಿದ್ದ. ಇಪ್ಪತ್ತು ಲೀಟರ್, ಹತ್ತು ಲೀಟರ್. ಒಂದು ಸ್ಟೆಪ್ಪೂ ಇಲ್ಲ.

"ಯಾರದ್ ನೋಡಿ ಬರದ್ರಿ?"

"ಯಾರದೂ ಇಲ್ರಿ ಪಂಚಶೀಲಾ ಮೇಡಂ. ಮೂವತ್ತು ಇಪ್ಪತ್ತಕ್ಕ ಹತ್ರ ಅದ, ಐವತ್ತಕ್ಕ ಅದರ ಎರಡು ಪಟ್ಟು ದೂರ. ಹತ್ರ ಇದ್ದದ್ದು ಎರಡು ಪಟ್ಟು ಹಾಕ್ಬೇಕ್ರಿ."

ಹವಳಗಾ ಊರಿನ ಕಬ್ಬಿಗೆ ಔಷಧ ಹೊಡೆಯುವವನು ಇವನು. ವಯಸ್ಸು ಇಪ್ಪತ್ತೇಳು, ಹತ್ತನೆಯ ತರಗತಿಯ ಗಣಿತವೊಂದು ಪಾಸಾಗದೆ ಉಳಿದುಬಿಟ್ಟಿತ್ತು. ಡ್ರಮ್ಮಿನಲ್ಲಿ ಕಲೆಸಿ ಕಲೆಸಿ ಕಲಿತ ಲೆಕ್ಕ. ನನಗೆ ನಾಚಿಕೆಯಾಯಿತು, ಆದರೆ ತಪ್ಪಾಯಿತು ಎನ್ನುವ ಜಾಯಮಾನ ನನ್ನದಲ್ಲ.

"ಎಕ್ಸ್ ಇಲ್ದ ಮಾರ್ಕ್ಸ್ ಬರಂಗಿಲ್ಲ," ಎಂದೆ. ಅವನು ತುಟಿಯಂಚಲ್ಲೇ ನಕ್ಕ. ಮರುದಿನ ಆ ನಗುವಿಗೇ ಕಾದೆ.

ಎರಡು ತಿಂಗಳಲ್ಲಿ ಎಕ್ಸ್ ಹಿಡಿಯುವುದು ಕಲಿತ. ಅಷ್ಟರಲ್ಲಿ ನನಗೆ ಜೇವರ್ಗಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಸೋಮವಾರ ಹೊರಡಬೇಕು. ಮನಸ್ಸಿನ ಮಾತಿಗೆ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಬಿಡದಿದ್ದರೆ ಅಲ್ಲಿಗೆ ಮುಗಿಯಿತು.

ಶನಿವಾರ ಕೊನೆಯ ಕ್ಲಾಸು. ಉಳಿದವರೆಲ್ಲ ಹೋದ ಮೇಲೆ ಅವನ ಹಾಳೆ ನೋಡಿದೆ. ಅದೇ ಬಗೆಯ ಮೂವತ್ತು ಲೀಟರಿನ ಲೆಕ್ಕ, ಸ್ಟೆಪ್ಪೆಲ್ಲ ಸರಿ, ಕೊನೆಗೆ ಎಕ್ಸ್ ಅಂದರೆ ನಲವತ್ತು ಲೀಟರ್!

"ಮೂವತ್ತು ಲೀಟರ್ದಾಗ ನಲವತ್ತು ಹೆಂಗ್ ಹಿಡೀತದ್ರಿ? ದಿನಾ ಡ್ರಮ್ ಕಲಸವ್ರು ನೀವು!"

"ಗೊತ್ತದ್ರಿ."

"ಮತ್ತ?"

"ತಪ್ಪಾದ್ರ ನೀವು ಬಾಜೂಕ ಕೂತು ಹೇಳಿಕೊಡ್ತೀರಿ. ಅದಕ್ಕ..." ಕಿವಿ ಕೆಂಪಾಗಿದ್ದವು. ಕಣ್ಣು ಹಾಳೆ ಬಿಟ್ಟು ಮೇಲೇಳಲಿಲ್ಲ.

ಪಕ್ಕದಲ್ಲಿ ಕೂತೆ. ಲೆಕ್ಕ ಹೇಳಿಕೊಡಲಿಲ್ಲ.

"ನೀವಂದ್ರ ನನಗ ಭಾಳ ಇಷ್ಟ," ಎಂದೆ, ಹಾಜರಿ ಕರೆಯುವ ದನಿಯಲ್ಲಿ. "ಮನಿಗಿ ಬಂದು ನಮ್ಮವ್ವನ್ನ ಕೇಳ್ರಿ."

ಅವನು ಪೆನ್ನು ಕೆಳಗಿಟ್ಟ. ಈಗ ನನ್ನನ್ನೇ ನೋಡಿದ, ಸಾಕೆನ್ನುವಷ್ಟು ಹೊತ್ತು.

"ಪಾಸಾದ ಮ್ಯಾಲ ಬರ್ತೇನ್ರಿ. ಹತ್ತನೇ ಕ್ಲಾಸ್ ಫೇಲಾದಾಂವ ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಫೇಲಾದ್ರೂ ಬರ್ರಿ," ಎಂದೆ.