ಎರಡನೇ ಸೈಕಲ್ಲಿನ ಬೆಲ್ಟ್

"ಇದೇಂಟಿ ಸಾರ್? ಎವರು ಕಟ್ಟಾರು?"

ಬೆಳಿಗ್ಗೆ ಆರು ಗಂಟೆ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ಒಬ್ಬ ಹುಡುಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು, ಇದನ್ನು ಕಟ್ಟಿದವರು ಯಾರೆಂದು ತೆಲುಗಿನಲ್ಲಿ ಕೇಳುತ್ತಾ ಕಾರಿಗೆ ಅಡ್ಡ ನಿಂತಿದ್ದಳು. ಕಾರಿನ ಹಿಂದೆ ಕಬ್ಬಿಣದ ರ‍್ಯಾಕ್. ಅದರ ಮೇಲೆ ಗುಡ್ಡ ಹತ್ತುವ ದಪ್ಪ ಚಕ್ರದ ಸೈಕಲ್. ಅದನ್ನು ಕಟ್ಟಿದ್ದು ಮಾತ್ರ ನೀರು ಸೇದುವ ಹಗ್ಗದಲ್ಲಿ!

ಕಾರಿನಿಂದ ಇಳಿದ ಯುವಕ ತಡವರಿಸುತ್ತಾ "ನೇನೇ ಅಂಡಿ" ಎಂದು ತಾನೇ ಕಟ್ಟಿದ್ದನ್ನು ಒಪ್ಪಿಕೊಂಡ. ಆಮೇಲೆ ತನ್ನಷ್ಟಕ್ಕೆ ಗೊಣಗಿಕೊಂಡ. "ಅಯ್ಯಪ್ಪಾ, ಎಷ್ಟ್ ಜೋರ್ ಐತಿ ಈಕಿದು..."

"ಜೋರ್ ಇರಬೇಕಾಗ್ತೈತ್ರಿ," ಎಂದಳು ಹುಡುಗಿ, ಅಚ್ಚ ಕನ್ನಡದಲ್ಲಿ. "ಹಗ್ಗದಾಗ ಸೈಕಲ್ ಕಟ್ಕೊಂಡು ಹೈವೇಗೆ ಹೊಂಟವ್ರಿಗೆ ಮೆತ್ತಗ ಹೇಳಿದ್ರ ಕೇಳ್ತಾರೇನು?"

ಅವನು ನಾಲಿಗೆ ಕಚ್ಚಿಕೊಂಡ. "ನೀವು ನಮ್ಮ ಕಡೆಯವರೇನ್ರಿ?"

"ಆಳಂದದವರು. ಅದು ಆಮ್ಯಾಲ. ಮೊದಲ ಆ ಹಗ್ಗ ಬಿಚ್ರಿ."

ಅವನು ನಗಲು ಹೋದ. ಅವಳು ನಗಲಿಲ್ಲ. ಎಡಗೈಯ ಅಂಗಿತೋಳು ಮಡಚಿ ಮಣಿಕಟ್ಟು ತೋರಿಸಿದಳು. ಉದ್ದಕ್ಕೂ ಹೊಲಿಗೆಯ ಗುರುತು.

"ಎರಡು ವರ್ಷದ ಹಿಂದ ನಿಮ್ಮಂಗ ಹಗ್ಗ ಕಟ್ಕೊಂಡ್ ಬಂದವ್ರ ಸೈಕಲ್ ನನ್ನ ಮ್ಯಾಲ ಬಿತ್ತು. ಇವತ್ತಿಗೂ ಈ ಕೈಲೆ ಗಟ್ಟಿ ಹಿಡಿಯಾಕ ಆಗಂಗಿಲ್ಲ. ನಾ ನಿಂತಿದ್ದೆ, ಅದಕ್ಕ ಬರೀ ಕೈ ಹೋತು. ರಸ್ತೆದಾಗ ಹಿಂದ ಯಾರರೆ ಬೈಕ್ ಮ್ಯಾಲ ಬರಾಕತ್ತಿದ್ರ?"

ಅವನು ಆ ಕೈಯನ್ನೇ ನೋಡಿದ. ಹೋಗಿ ಹಗ್ಗ ಬಿಚ್ಚತೊಡಗಿದ.

ಹೀಗೆ ಶುರುವಾಯಿತು ನೋಡಿ.

ಅವಳು ಶಿವಗಂಗಾ. ಅಪ್ಪ ಸಂಗಣ್ಣನ ಜೊತೆ ಅಂಗಡಿ ನಡೆಸುತ್ತಾಳೆ. ಕಾರುಗಳಿಗೆ ಸೈಕಲ್ ರ‍್ಯಾಕ್ ಕೂಡಿಸುವುದು, ಮನೆಯಲ್ಲಿ ಜಾಗ ಇಲ್ಲದವರ ಸೈಕಲ್‌ಗಳನ್ನು ವಾರವಿಡೀ ಇಟ್ಟುಕೊಳ್ಳುವುದು, ರವಿವಾರ ನಸುಕಿನಲ್ಲಿ ಕಾರಿಗೆ ಏರಿಸಿ ಗುಡ್ಡದ ಕಡೆ ಕಳಿಸುವುದು. ಅವನು ಕಾಶಿನಾಥ. ಬಸವಕಲ್ಯಾಣದವನು, ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಲಿಫ್ಟ್ ಇಲ್ಲದ ಮೂರನೇ ಮಹಡಿಯ ರೂಮು, ಹೀಗಾಗಿ ಅವನ ಸೈಕಲ್ ಅಂದಿನಿಂದ ಇವಳ ಅಂಗಡಿಯಲ್ಲೇ ಉಳಿಯಿತು.

ಅವತ್ತು ಅವಳು ಎಲ್ಲವನ್ನೂ ಕಲಿಸಿದಳು. ಚಕ್ರ ಸೈಲೆನ್ಸರಿನ ಬಿಸಿಗೆ ಸಿಗಬಾರದು. ನಂಬರ್ ಪ್ಲೇಟು, ಹಿಂದಿನ ದೀಪ ಮುಚ್ಚಬಾರದು. ಎರಡು ಚಕ್ರಕ್ಕೂ ಬೆಲ್ಟ್, ಸೈಕಲ್ಲಿನ ನಡುವಿನ ಕೊಳವೆಗೆ ರ‍್ಯಾಕಿನ ಹಿಡಿಕೆ. ಎಲ್ಲ ಮುಗಿದ ಮೇಲೆ ಬೆಲ್ಟನ್ನು ಇನ್ನೊಮ್ಮೆ ಜಗ್ಗಿ, ಟೈರಿನ ಮೇಲೆ ಅಂಗೈಯಿಂದ ಫಟ್ ಎಂದು ಹೊಡೆಯುತ್ತಿದ್ದಳು. ಆ ಸಪ್ಪಳ ಬಂತೆಂದರೆ ಆ ಸೈಕಲ್ಲಿನ ಕೆಲಸ ಆಯಿತು ಎಂದು ಅರ್ಥ.

"ಹತ್ತು ಕಿಲೋಮೀಟರ್ ಆದ ಮ್ಯಾಲ ಗಾಡಿ ನಿಲ್ಲಿಸಿ ಬೆಲ್ಟ್ ನೋಡ್ರಿ," ಎಂದಳು ಕೊನೆಗೆ.

"ನೀವು ಬಿಗಿದದ್ದು ಸಡಿಲ ಆಗ್ತೈತೇನ್ರಿ?"

"ಯಾರು ಬಿಗಿದರೂ ನೋಡಬೇಕ್ರಿ."

ಎಲ್ಲ ಗಿರಾಕಿಗಳಿಗೂ ಹೇಳುವ ಮಾತದು. ಯಾರೂ ನಿಲ್ಲಿಸುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಮೂರು ತಿಂಗಳು ಹೀಗೇ ನಡೆಯಿತು. ಅವನು ಅರ್ಧ ತಾಸು ಮೊದಲೇ ಬರತೊಡಗಿದ. ಚಹಾ ತರುತ್ತಿದ್ದ, ಸಂಗಣ್ಣನಿಗೆ ಉಸ್ಮಾನಿಯಾ ಬಿಸ್ಕತ್ತು. ಒಮ್ಮೆ ಚಹಾ ಕುಡಿಯುತ್ತಾ ಶಿವಗಂಗಾ ಅಂದಿದ್ದಳು, "ಇಷ್ಟ್ ಸೈಕಲ್ ಏರಿಸಿ ಕಳಸ್ತೀನಿ, ಅನಂತಗಿರಿ ಗುಡ್ಡ ಒಮ್ಮೆನೂ ನೋಡಿಲ್ಲ. ನೋಡಿದ್ರೂ ಈ ಕೈಲೆ ಇಳಿಯೋದು ಹ್ಯಾಂಗ?"

ಹಾಗೆ ಹೇಳಿ ಮರೆತೂಬಿಟ್ಟಳು. ಮರೆಯದೇ ಉಳಿದದ್ದು ಬೇರೆ. ಸೋಮವಾರದಿಂದಲೇ ರವಿವಾರ ಯಾವಾಗ ಬರುತ್ತದೋ ಎಂದು ಎಣಿಸುವುದು ಅವಳಿಗೆ ಅಭ್ಯಾಸವಾಗಿತ್ತು. ಇವನು ಬಾಯಿ ಬಿಟ್ಟು ಏನಾದರೂ ಹೇಳಬಾರದೇ...

ಅವನು ಹೇಳಲಿಲ್ಲ. ಬದಲಿಗೆ ಒಂದು ರವಿವಾರ ಎರಡನೇ ಸೈಕಲ್ ತಂದ.

ಹೊಸದು. ತಿಳಿ ಹಸಿರು ಬಣ್ಣ. ಸೀಟು ತಗ್ಗು.

"ಇದು ಯಾರದ್ರಿ?" ಸಹಜವಾಗಿಯೇ ಕೇಳಿದಳು.

ಕಾಶಿನಾಥನ ಮುಖ ಕೆಂಪಾಯಿತು. ಸ್ಟೂಲಿನ ಮೇಲೆ ಪೇಪರ್ ಓದುತ್ತಿದ್ದ ಸಂಗಣ್ಣನ ಕಡೆ ನೋಡಿದ, ನೆಲ ನೋಡಿದ. "ಒಬ್ಬರದು... ಆಮ್ಯಾಲ ಹೇಳ್ತೀನ್ರಿ. ಎರಡೂ ಏರಿಸ್ರಿ."

ಒಬ್ಬರದು!

ಯಾರು ಆ ಒಬ್ಬರು? ಸಂಕೋಚ ಯಾಕೆ? ತಂಗಿಯಾಗಿದ್ದರೆ ತಂಗಿ ಅನ್ನುತ್ತಿರಲಿಲ್ಲವೇ?

ಆ ಸೈಕಲ್ ವಾರವಿಡೀ ಅಂಗಡಿಯಲ್ಲಿ ಅವಳ ಕಣ್ಣೆದುರಿಗೇ ನಿಂತಿರುತ್ತಿತ್ತು. ಶಿವಗಂಗಾ ಅದರ ಸುತ್ತ ಪೊಲೀಸರ ಹಾಗೆ ತಿರುಗಿದಳು. ಸೈಕಲ್ ನೋಡಿ ಸವಾರನ ಜಾತಕ ಹೇಳುವವಳು ಅವಳು. ಸೀಟು ತಗ್ಗು, ಅಂದರೆ ಕುಳ್ಳಿ. ಹ್ಯಾಂಡಲ್ ಹತ್ತಿರ, ಅಂದರೆ ಕೈ ಗಿಡ್ಡ. ಇನ್ನೊಂದು ವಿಚಿತ್ರ. ಎರಡೂ ಬ್ರೇಕಿನ ತಂತಿ ಬಲಗೈಯ ಒಂದೇ ಹಿಡಿಕೆಗೆ ಸೇರಿಸಿದ್ದರು. ಎಡಗಡೆ ಖಾಲಿ, ಹಿಡಿಯಲು ಒಂದು ದಪ್ಪ ಮೆತ್ತನೆಯ ರಬ್ಬರ್ ಅಷ್ಟೇ.

'ಎಡಗೈ ಯಾಕ ಖಾಲಿ ಬೇಕು ಈಕಿಗೆ? ಮೊಬೈಲ್ ಹಿಡಿದು ಫೋಟೊ ತಕ್ಕೊಳ್ಳಾಕ, ಮತ್ತೇನು!'

ನೀವು ನಗಬೇಡಿ. ಅವಳಿಗೆ ಹಾಗೇ ಕಂಡಿತು. ಮನಸ್ಸಿನಲ್ಲಿ ಒಬ್ಬ ಬೆಳ್ಳನೆಯ ಕುಳ್ಳಿಯನ್ನು ತಯಾರು ಮಾಡಿ, ಕಾಶಿನಾಥನ ಕಾರಿನ ಮುಂದಿನ ಸೀಟಿನಲ್ಲಿ ಕೂಡಿಸಿಯೂಬಿಟ್ಟಿದ್ದಳು.

ಮುಂದಿನ ವಾರ ಇನ್ನೂ ಕೆಟ್ಟದ್ದು ಕಂಡಿತು. ರವಿವಾರ ಸಂಜೆ ತಿರುಗಿ ಬಂದಾಗ ಅವನ ಸೈಕಲ್ಲಿಗೆ ಮೊಣಕಾಲೆತ್ತರದ ತನಕ ಕೆಂಪು ಮಣ್ಣು. ಹಸಿರು ಸೈಕಲ್ಲಿಗೆ ಒಂದು ಚೂರೂ ಇಲ್ಲ. ಹೊಸ ಟೈರಿನ ಸಣ್ಣ ರಬ್ಬರ್ ಕೂದಲು ಕೂಡ ಹಾಗೇ ಇವೆ. ಎರಡನೇ ವಾರವೂ ಹಾಗೆ. ಮೂರನೇ ವಾರವೂ.

ಅಂದರೆ ಆ ಕುಳ್ಳಿ ಸೈಕಲ್ ಹೊಡೆಯುವುದೇ ಇಲ್ಲ! ಹಾಗಾದರೆ ಅಲ್ಲಿ ಹೋಗಿ ಏನು ಮಾಡುತ್ತಾರೆ? ಅನಂತಗಿರಿಗೆ ಹೋಗುವ ವಿಕಾರಾಬಾದಿನ ದಾರಿಯಲ್ಲಿ ಎಷ್ಟು ರೆಸಾರ್ಟುಗಳಿವೆ ಎಂದು ಎಣಿಸುತ್ತಾ ಶಿವಗಂಗಾಳಿಗೆ ಎದೆ ಉರಿಯಿತು. ಅಳುವೂ ಬಂತು. ತನಗೆ ಅವನು ಏನಾಗಬೇಕು? ಏನೂ ಇಲ್ಲ. ಗಿರಾಕಿ. ಆದರೂ ಅಳು ಬಂತು.

ಅದೇ ಹೊತ್ತಿಗೆ ಸೋದರತ್ತೆ ಶಾರದಾಬಾಯಿ ಜಹೀರಾಬಾದಿನ ಸಂಬಂಧ ತಂದಳು. ಹುಡುಗ ಮನೋಜ, ಬ್ಯಾಂಕ್ ನೌಕರಿ. ಅವರ ಮನೆಯವರಿಗೆ ಶಿವಗಂಗಾ ಒಪ್ಪಿಗೆ. ಇವಳೇ ಟೈಮ್ ಬೇಕು ಅಂದಿದ್ದಳು. ಯಾಕೆಂದು ಅಪ್ಪನಿಗೆ ಹೇಳಲಿಲ್ಲ.

ಹಸಿರು ಸೈಕಲ್ ಬಂದ ಐದನೇ ರವಿವಾರ ಸಂಜೆ ಐದಕ್ಕೆ ಉತ್ತರ ಕೊಡಬೇಕಿತ್ತು.

ಆ ರವಿವಾರ ನಸುಕಿನಲ್ಲಿ ಕಾಶಿನಾಥ ಬಂದ. ಏನೋ ಹೇಳಲು ಬಾಯಿ ತೆರೆದ. ಸಂಗಣ್ಣ ಕೆಮ್ಮಿದ. ಕಾಶಿನಾಥ ಬಾಯಿ ಮುಚ್ಚಿದ.

ಶಿವಗಂಗಾ ಮೊದಲ ಸೈಕಲ್ ಏರಿಸಿ ಬೆಲ್ಟ್ ಬಿಗಿದಳು, ಜಗ್ಗಿದಳು. ಫಟ್. ಹಸಿರು ಸೈಕಲ್ ಏರಿಸಿ ಹಿಡಿಕೆ ಹಾಕಿದಳು, ಬೆಲ್ಟ್ ತೂರಿಸಿದಳು. ಆಗ ಕಾರಿನ ಹಿಂದಿನ ಗಾಜಿನೊಳಗೆ ಕಣ್ಣು ಬಿತ್ತು. ಸೀಟಿನ ಮೇಲೆ ಹೊಸ ಹೆಲ್ಮೆಟ್. ಸಣ್ಣದು, ಹೆಂಗಸರದು. ಜಡೆ ಹೊರಗೆ ಬರಲು ಹಿಂದೆ ಜಾಗ ಬೇರೆ!

ಬೆಲ್ಟ್ ಜಗ್ಗಲು ಹೋದ ಅವಳ ಕೈ ಅಲ್ಲೇ ನಿಂತಿತು. 'ಹೋಗಲಿ. ಆಕಿ ಸೈಕಲ್ಲಿಗೆ ನಾ ಯಾಕ ಇಷ್ಟು ಕಾಳಜಿ ಮಾಡಬೇಕು?'

"ಆತೇನ್ರಿ?" ಕೇಳಿದ ಕಾಶಿನಾಥ.

"ಆತು. ಹೋಗ್ರಿ."

ಕಾರು ಹೋಯಿತು. ಶಿವಗಂಗಾ ತಿರುಗಿ ನೋಡದೆ ಒಳಗೆ ಬಂದಳು. "ಅಪ್ಪಾ, ಅತ್ತಿ ಫೋನ್ ಮಾಡಿದ್ರ ಹೂಂ ಅಂದುಬಿಡು."

ಸಂಗಣ್ಣ ಪೇಪರ್ ಇಳಿಸಿದ. ಮಗಳ ಮುಖ ನೋಡಿದ. "ಸಂಜಿ ತನಕ ಟೈಮ್ ಐತಿ. ಅದಿರಲಿ, ಇವತ್ತು ಒಂದ ಸಪ್ಪಳ ಕೇಳಿಸ್ತಲ್ಲ, ಗಂಗಾ?"

ಅವಳು ತಟ್ಟನೆ ರಸ್ತೆಯ ಕಡೆ ತಿರುಗಿದಳು.

ಸೈಕಲ್ ಎರಡು, ಸಪ್ಪಳ ಒಂದು. ರಸ್ತೆಯಲ್ಲಿ ಹಿಂದೆ ಯಾರಾದರೂ ಬೈಕಿನ ಮೇಲೆ ಬರುತ್ತಿದ್ದರೆ? ಹೆಂಡತಿ, ಕೂಸನ್ನು ಕೂಡಿಸಿಕೊಂಡು ಬರುತ್ತಿದ್ದರೆ? ತನ್ನ ಕೈ ಮುರಿದವರನ್ನು ಎರಡು ವರ್ಷದಿಂದ ಬೈಯುತ್ತಿದ್ದವಳು, ಇವತ್ತು ತಾನೇನು ಮಾಡಿದಳು?

ಫೋನ್ ಮಾಡಿದಳು. ಎತ್ತಲಿಲ್ಲ. ಗಾಡಿ ನಡೆಸುವಾಗ ಅವನು ಎತ್ತುವುದಿಲ್ಲ. ಅದನ್ನು ಕಲಿಸಿದವಳೂ ಅವಳೇ.

ಸ್ಕೂಟಿ ಹತ್ತಿದಳು. ತೆಲ್ಲಾಪುರ ದಾಟಿತು. ಕಣ್ಣು ರಸ್ತೆಯ ಎರಡೂ ಅಂಚಿಗೆ. ಹಸಿರು ಬಣ್ಣ ಎಲ್ಲಾದರೂ ಬಿದ್ದಿದೆಯೇ? ಜನ ಎಲ್ಲಾದರೂ ಗುಂಪು ಕೂಡಿದ್ದಾರೆಯೇ? ಒಂದು ಕಡೆ ಗುಂಪು ಕಂಡು ಜೀವ ಬಾಯಿಗೆ ಬಂತು. ಹತ್ತಿರ ಹೋದರೆ ಇಡ್ಲಿ ಬಂಡಿ.

'ಬಸವಣ್ಣಾ, ಆಕಿನ್ನ ಬೇಕಾದ್ರ ಅವರು ಲಗ್ನ ಆಗಲಿ. ಸೈಕಲ್ ಒಂದು ಬೀಳದಿರಲಿ.'

ಕೊಲ್ಲೂರು ದಾಟಿದ ಮೇಲೆ ಒಂದು ಚಹಾದಂಗಡಿಯ ಮುಂದೆ ಆ ಕಾರು ನಿಂತಿತ್ತು.

ಕಾಶಿನಾಥ ಹಿಂದೆ ಬಗ್ಗಿ ಬೆಲ್ಟ್ ಜಗ್ಗುತ್ತಿದ್ದ. ಶಿವಗಂಗಾ ಸ್ಕೂಟಿಯ ಮೀಟರ್ ನೋಡಿದಳು. ಅಂಗಡಿಯಿಂದ ಹತ್ತು ಕಿಲೋಮೀಟರ್.

"ಅರೆ, ನೀವಿಲ್ಲಿ?" ಅವನು ಎದ್ದು ನಿಂತ.

"ನೀವು... ಪ್ರತಿ ವಾರ ನಿಲ್ಲಸ್ತೀರೇನ್ರಿ?"

"ನೀವ ಹೇಳೀರಲ್ಲ. ಯಾರು ಬಿಗಿದರೂ ನೋಡಬೇಕಂತ." ಆಮೇಲೆ ಮೆಲ್ಲಗೆ ಅಂದ. "ಇವತ್ತು ಒಂದು ಬೆಲ್ಟ್ ಸಡಿಲ ಇತ್ರಿ. ರ‍್ಯಾಕಿನ ಹಿಡಿಕಿ ಇತ್ತಂತ ನಿಂತೈತಿ. ನಿಮ್ಮ ಕೆಲಸದಾಗ ಹಿಂಗ ಎಂದೂ ಆಗಿಲ್ಲ."

ಸುಳ್ಳು ಹೇಳಬಹುದಿತ್ತು. ಮರೆತೆ ಅನ್ನಬಹುದಿತ್ತು. ಅವನು ನಂಬುತ್ತಿದ್ದ.

"ಮರ್ತಿಲ್ರಿ. ಬೇಕಂತ ಬಿಟ್ಟೆ." ಅವಳು ಕಾರಿನ ಗಾಜಿನ ಕಡೆ ಬೆರಳು ತೋರಿಸಿದಳು. "ಆ ಹೆಲ್ಮೆಟ್ ನೋಡಿದೆ. ಸಿಟ್ಟು ಬಂತು. ಜಗ್ಗಲಿಲ್ಲ."

ಕಾಶಿನಾಥ ತಿರುಗಿ ನೋಡಿದ. ರಸ್ತೆಯಲ್ಲಿ ಎರಡು ಬೈಕು ಹಾದು ಹೋದವು.

"ಹಿಂದ ಯಾರರೆ ಬರಾಕತ್ತಿದ್ರ?" ಕೇಳಿದ. ಅವಳ ಮಾತೇ ಅದು, ಮೊದಲ ದಿನದ್ದು.

"ಗೊತ್ತೈತ್ರಿ. ಅದಕ್ಕ ಓಡಿ ಬಂದೆ." ಕಣ್ಣೀರು ತಡೆಯಲಾಗಲಿಲ್ಲ. "ಬೈರಿ ನನಗ. ಬೈದು, ಆಮ್ಯಾಲ ಆಕಿನ್ನ ಕರಕೊಂಡು ಹೋಗ್ರಿ."

"ಯಾಕಿ?"

"ಈ ಸೈಕಲ್ಲಿನಾಕಿ." ಕಾರಿನೊಳಗೆ ಇಣುಕಿದಳು. ಯಾರೂ ಇಲ್ಲ. "ಎಲ್ಲಿ ಹತ್ತತಾಳ ಆಕಿ? ಮುಂದ ಶಂಕರಪಲ್ಲಿದಾಗ?"

ಕಾಶಿನಾಥ ಅವಳನ್ನು ನೋಡಿದ. ಸಿಟ್ಟು ಹೋಗಿ ಮುಖದಲ್ಲಿ ಏನೋ ಬೇರೆ ಬಂತು. ಹಸಿರು ಸೈಕಲ್ ಇಳಿಸಿ ಅವಳ ಮುಂದೆ ನಿಲ್ಲಿಸಿದ.

"ಹತ್ರಿ."

"ನಾನ್ಯಾಕ?"

"ಒಮ್ಮೆ ಹತ್ರಿ."

ಹತ್ತಿದಳು. ಎರಡು ಪಾದವೂ ನೆಲಕ್ಕೆ ಸರಿಯಾಗಿ ಮುಟ್ಟಿದವು. ಕೈ ಚಾಚಿದಳು. ಹ್ಯಾಂಡಲ್ ಕೈಗೆ ಬಂತು. ಎಡಗೈ ತಾನಾಗಿಯೇ ಆ ದಪ್ಪ ಮೆತ್ತನೆಯ ರಬ್ಬರಿನ ಮೇಲೆ ಕೂತಿತು. ಮಣಿಕಟ್ಟು ನೋಯಲಿಲ್ಲ. ಬಲಗೈಯಿಂದ ಬ್ರೇಕಿನ ಹಿಡಿಕೆ ಒತ್ತಿದಳು. ಎರಡೂ ಚಕ್ರ ಒಟ್ಟಿಗೆ ಹಿಡಿದವು.

ಬೆಳ್ಳನೆಯ ಕುಳ್ಳಿ ಎಲ್ಲಿ ಹೋದಳೋ! ಕುಳ್ಳಿ ತಾನೇ.

"ಈ ಕೈಲೆ ಇಳಿಯೋದು ಹ್ಯಾಂಗ ಅಂದಿದ್ರಿ," ಅಂದ ಅವನು. "ಹಿಂಗ ಮಾಡಿದ್ರ ಇಳಿಯಬಹುದ್ರಿ. ನಾ ಒಂದ ಕೈಲೆ ಇಳಿದು ನೋಡೀನಿ. ನಿಮಗಂತ ಸರಳ ದಾರಿನೂ ಹುಡುಕಿ ಇಟ್ಟೀನಿ."

"ಮತ್ತ ಐದು ವಾರ ಇದನ್ನ ಯಾಕ ಹೊತ್ಕೊಂಡು ತಿರಗೀರಿ? ಅಂಗಡ್ಯಾಗ ಹೇಳಿದ್ರ ಆಗ್ತಿದ್ದಿಲ್ಲೇನು?"

"ಪ್ರತಿ ವಾರ, 'ಗುಡ್ಡಕ್ಕ ಬರ್ರಿ' ಅನ್ನಬೇಕಂತ ಬರ್ತಿದ್ದೆ. ನಿಮ್ಮಪ್ಪ ಕೆಮ್ಮತಿದ್ರು." ತಲೆ ಕೆರೆದುಕೊಂಡ. "ಬಿಟ್ಟು ಹೋದ್ರ ಯಾಕ ಒಯ್ಯಲಿಲ್ಲ ಅಂತ ನೀವು ಕೇಳತಿದ್ರಿ. ಅದಕ್ಕ ಒಯ್ತಿದ್ದೆ."

ಅಳುತ್ತಲೇ ಅವಳಿಗೆ ನಗು ಬಂತು. ಪಾಪದ ಸೈಕಲ್, ನಾಲ್ಕು ಸಲ ಅನಂತಗಿರಿಗೆ ಹೋಗಿ ಮಣ್ಣು ಮುಟ್ಟದೇ ಬಂದಿತ್ತು!

"ಇವತ್ತು ಸಂಜಿ ಐದಕ್ಕ ನಮ್ಮಪ್ಪ ಜಹೀರಾಬಾದಿನವರಿಗೆ ಉತ್ತರ ಕೊಡಬೇಕ್ರಿ," ಎಂದಳು ಕಣ್ಣು ಒರೆಸಿಕೊಂಡು. "ನನ್ನ ಲಗ್ನದ ಮಾತು. ಹೂಂ ಅಂತ ಹೇಳಿ ಬಂದೀನಿ."

ಕಾಶಿನಾಥನ ಮುಖದ ಬಣ್ಣ ಇಳಿಯಿತು. "ಹೂಂ ಅಂದೀರಿ?"

"ನೀವು ಏನೂ ಹೇಳಲಿಲ್ಲಲ್ಲ."

ಅವನು ಉಸಿರು ಎಳೆದುಕೊಂಡ. ಇಲ್ಲಿ ಕೆಮ್ಮುವವರು ಯಾರೂ ಇರಲಿಲ್ಲ. "ಗಂಗಾ, ನನಗ ನೀವ ಬೇಕು. ನಾಲ್ಕು ಗಂಟೆಕ್ಕ ಬಂದು ನಿಮ್ಮಪ್ಪನ ಮುಂದ ಕುಂತು ಕೇಳ್ತೀನಿ. ಎಷ್ಟ್ ಬೇಕಾದ್ರೂ ಕೆಮ್ಮಲಿ."

ಅವಳು ಫೋನ್ ತೆಗೆದಳು. "ಅಪ್ಪಾ, ಸೈಕಲ್ ಬಿದ್ದಿಲ್ಲ. ಅತ್ತಿಗೆ ಉಹೂಂ ಅನ್ನು. ನಾ ಗುಡ್ಡಕ್ಕ ಹೋಗಿ ಬರ್ತೀನಿ."

"ಸೀಟಿನ ಎತ್ತರ ನೋಡಿದ ದಿನನ ತಿಳಿದಿತ್ತು ನನಗ," ಅಂದ ಸಂಗಣ್ಣ ಆ ಕಡೆಯಿಂದ. "ನಿನಗ ಯಾವಾಗ ತಿಳೀತೈತೋ ಅಂತ ಕುಂತಿದ್ದೆ. ಸಂಜಿಕ್ಕ ಲಗೂನ ಬರ್ರಿ ಇಬ್ರೂ."

ಸ್ಕೂಟಿಯನ್ನು ಚಹಾದಂಗಡಿಯ ಅಮ್ಮನಿಗೆ ನೋಡಿಕೊಳ್ಳಲು ಹೇಳಿ ಬಂದಳು. ಅಷ್ಟರಲ್ಲಿ ಕಾಶಿನಾಥ ಹಸಿರು ಸೈಕಲ್ ಮತ್ತೆ ಏರಿಸಿ ಬೆಲ್ಟ್ ಬಿಗಿದಿದ್ದ. ಇನ್ನೊಮ್ಮೆ ಜಗ್ಗಿ, ಅವಳ ಹಾಗೇ ಟೈರಿನ ಮೇಲೆ ಅಂಗೈಯಿಂದ ಹೊಡೆದ. ಫಟ್.

ಶಿವಗಂಗಾ ನೇರ ಹೋಗಿ ಮುಂದಿನ ಸೀಟಿನಲ್ಲಿ ಕುಳಿತಳು. ಹೊಸ ಹೆಲ್ಮೆಟ್ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

ಅವನಿಗೆ ಆಶ್ಚರ್ಯ. "ಬೆಲ್ಟ್ ನೋಡಂಗಿಲ್ಲೇನ್ರಿ?"

"ನೀವು ಬಿಗಿದೀರಲ್ಲ," ಎಂದಳು ಅವಳು. "ಹತ್ತು ಕಿಲೋಮೀಟರ್ ಆದ ಮ್ಯಾಲ ಇಬ್ರೂ ಇಳಿದು ನೋಡೋಣಂತ. ನಡೀರಿ."