ಕುಂಕುಮ ಇಟ್ಟುಕೊಂಡ ಸಾಕ್ಷಿ

ತ್ವಚಾಸಾಕ್ಷಿ ಯಂತ್ರವು ತನ್ನ ಸೊಂಡಿಲಿನಂಥ ಮೂತಿಯನ್ನು ಬೀರುವಿನೊಳಗೆ ತೂರಿಸಿ, ಮೂರು ನಿಮಿಷ ಗೊರಗೊರ ಸದ್ದು ಮಾಡಿ, ಕೊನೆಗೆ ರೇಡಿಯೋದಲ್ಲಿ ವಾರ್ತೆ ಓದುವವರಷ್ಟು ಸ್ಪಷ್ಟವಾಗಿ ಹೇಳಿತು: "ಅಪರಿಚಿತ ಸ್ಪರ್ಶ ಒಂದು. ಹೆಸರು ಮುನಿಯಲ್ಲಪ್ಪ. ವಯಸ್ಸು ಐವತ್ತೊಂಬತ್ತು. ಉದ್ಯೋಗ, ಹೆಡ್ ಕಾನ್‌ಸ್ಟೆಬಲ್."

ಯಂತ್ರವನ್ನು ತಳ್ಳಿಕೊಂಡು ಬಂದಿದ್ದ ಹೆಡ್ ಕಾನ್‌ಸ್ಟೆಬಲ್ ಮುನಿಯಲ್ಲಪ್ಪನವರು ಅಭ್ಯಾಸಬಲದಿಂದ "ಯೆಸ್ ಸಾರ್" ಎಂದುಬಿಟ್ಟರು. ಚಿನ್ನದ ಸರ ಕಳೆದುಕೊಂಡಿದ್ದ ಮನೆಯೊಡತಿ ರುಕ್ಮಾಬಾಯಿ, ಅವರಿಗೆಂದು ತಂದಿದ್ದ ಕಾಫಿಯನ್ನು ಹಾಗೇ ಒಳಗೆ ಒಯ್ದರು.

"ಏನ್ರೀ ಇದು?" ಎಂದರು ಇನ್ಸ್‌ಪೆಕ್ಟರ್ ಪೊನ್ನಪ್ಪ.

"ಸಾರ್, ಈ ಮನೆ ಗೇಟನ್ನೇ ನಾನು ಇವತ್ತು ಮೊದಲ ಸಲ ನೋಡ್ತಿರೋದು!"

"ಎಲ್ಲ ಕಳ್ಳರೂ ಹಾಗೇ ಹೇಳ್ತಾರೆ ಅಂತ ನನಗೆ ಹೇಳಿಕೊಟ್ಟಿದ್ದೇ ನೀವಲ್ವೇನ್ರೀ?"

ಈ ಯಂತ್ರದ ಮಹಿಮೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮನುಷ್ಯ ಸುಮ್ಮನೆ ಕುಳಿತಿದ್ದರೂ ಅವನ ಮೈಯಿಂದ ಕಣ್ಣಿಗೆ ಕಾಣದ ಚರ್ಮಕಣಗಳು ಉದುರುತ್ತಲೇ ಇರುತ್ತವೆ. ತ್ವಚಾಸಾಕ್ಷಿ ಆ ಕಣಗಳನ್ನು ಧೂಳಿನ ಸಮೇತ ಒಳಗೆಳೆದುಕೊಂಡು, ಅವುಗಳ ವಂಶವಾಹಿಯನ್ನು ಓದಿ, ಬೆಂಗಳೂರಿನ ಸಮಸ್ತ ನಾಗರಿಕರ ವಂಶವಾಹಿ ಕೋಶದೊಂದಿಗೆ ಹೋಲಿಸುತ್ತದೆ. ಮನೆಯವರ ಹೆಸರು ಕಳೆದು ಉಳಿದವನೇ ಕಳ್ಳ. ಪೊಲೀಸರು ಅಡಿಯಿಂದ ಮುಡಿಯವರೆಗೆ ಬಿಳಿ ಕವಚ ತೊಟ್ಟೇ ಹೋಗುವುದರಿಂದ ಅವರ ಕಣ ಅಲ್ಲಿ ಬೀಳುವ ಪ್ರಶ್ನೆಯೇ ಇಲ್ಲ. ಯಂತ್ರ ಹೇಳಿದ ಮೇಲೆ ಬೇರೆ ಸಾಕ್ಷಿ ಬೇಡವೆಂದು ಕಾನೂನೇ ಆಗಿತ್ತು. ಪತ್ತೇದಾರಿಯ ಕಷ್ಟ ತಪ್ಪಿ ಇಡೀ ಠಾಣೆಗೆ ಹೊಟ್ಟೆ ಬಂದಿತ್ತು.

ಯಂತ್ರಕ್ಕೆ ಮುನಿಯಲ್ಲಪ್ಪನವರಷ್ಟು ದೊಡ್ಡ ಭಕ್ತ ಇನ್ನೊಬ್ಬರಿರಲಿಲ್ಲ. ಐದು ತಿಂಗಳ ಹಿಂದೆ ಅದು ಇನ್ನೊಂದು ಕಳವಿನಲ್ಲಿ ಎ.ಸಿ. ರಿಪೇರಿಯ ಇನಾಸಪ್ಪನ ಹೆಸರು ಹೇಳಿದಾಗ ಅವನ ಕೊರಳಪಟ್ಟಿ ಹಿಡಿದು ತಂದವರು ಇವರೇ. "ಸಾರ್, ಆ ಮೆಷಿನ್ನಿದೆಯಲ್ಲ..." ಎಂದು ಅವನು ಏನೋ ಹೇಳಲು ಹೋದರೆ, "ಬಾಯಿ ಮುಚ್ಚು. ಮೆಷಿನ್ನಿಗೇನು ನಿನ್ನ ಮೇಲೆ ಹಗೆಯೇನಯ್ಯಾ?" ಎಂದು ಗದರಿಸಿದ್ದರು. ಅವನಿಗೆ ಎರಡು ವರ್ಷ ಬಿತ್ತು.

ಈಗ ಅಮಾನತಿನ ಆದೇಶ ಇವರ ಕೈಗೇ ಬಂತು. ನಿವೃತ್ತಿಗೆ ಹನ್ನೊಂದೇ ದಿನ. ಮೂವತ್ತೇಳು ವರ್ಷದ ಮಾನವೂ ಪಿಂಚಣಿಯೂ ಒಂದು ಡಬ್ಬದ ಬಾಯಲ್ಲಿ ನೇತಾಡುತ್ತಿದ್ದವು. ಮುನಿಯಲ್ಲಪ್ಪನವರು ಪ್ರಯೋಗಾಲಯಕ್ಕೆ ಓಡಿ, ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಇಂದುಮತಿ ಹುಯಿಲಗೋಳರ ಮುಂದೆ ಕೈಮುಗಿದು ನಿಂತರು.

ಠಾಣೆಯಿಂದ ಯಂತ್ರವನ್ನು ತರಿಸಿ, ಅದರ ಮೂತಿಗೆ ಟಾರ್ಚು ಬಿಟ್ಟು ನೋಡಿದ ಇಂದುಮತಿ ಹುಬ್ಬು ಗಂಟಿಕ್ಕಿದರು. "ಇದೇನ್ರೀ ಇದು, ಕೆಂಪಗ?"

"ಕುಂಕುಮ, ಮೇಡಂ."

"ಕುಂಕುಮ?"

"ಮೊನ್ನೆ ಆಯುಧಪೂಜೆ ಅಲ್ವಾ ಮೇಡಂ. ಬಂದೂಕು, ಜೀಪು, ಲಾಠಿ ಎಲ್ಲಕ್ಕೂ ಇಟ್ಟೆ. ಇದೊಂದಕ್ಕೆ ಇಡದಿದ್ರೆ ಬೇಜಾರು ಮಾಡ್ಕೊಳ್ಳಲ್ವಾ?"

"ಮುಟ್ಟಬಾರದು ಅಂತ ಇಷ್ಟು ದಪ್ಪ ಅಕ್ಷರದಾಗ ಬರದೀವಲ್ರೀ!"

"ಅಕ್ಷರ ಬಿಟ್ಟು ಪಕ್ಕದಲ್ಲಿ ಇಟ್ಟೆ ಮೇಡಂ."

ಇಂದುಮತಿ ತಲೆ ಚಚ್ಚಿಕೊಂಡರು. ಆಮೇಲೆ ಮೂತಿಯನ್ನು ಚೊಕ್ಕಟವಾಗಿ ಒರೆಸಿ, ತಮ್ಮ ಹೆಬ್ಬೆರಳಿನಿಂದಲೇ ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು, ಯಾರೂ ಕಾಲಿಡದ ಶುದ್ಧ ಕೋಣೆಯೊಂದರಲ್ಲಿ ಯಂತ್ರವನ್ನು ಬಿಟ್ಟರು. "ಅಪರಿಚಿತ ಸ್ಪರ್ಶ ಒಂದು. ಹೆಸರು ಇಂದುಮತಿ," ಎಂದಿತು ಯಂತ್ರ. ಎರಡನೆಯ ಸಲ ಬಿಟ್ಟಾಗ ಏನೂ ಹೇಳಲಿಲ್ಲ.

"ನೋಡ್ರಿ, ಮುಟ್ಟಿದವರ ಕಣ ಮೂತಿಯೊಳಗ ಕೂತಿರತಾವ. ಮುಂದಿನ ಸಲ ಗಾಳಿ ಎಳದಾಗ ಎಲ್ಲಾ ಒಳಗ ಹೋಗಿ, ಅವರದೇ ಹೆಸರು ಬರತದ. ನೀವು ಕಳ್ಳ ಅಲ್ಲ, ಬರೇ ಭಕ್ತ."

ಮುನಿಯಲ್ಲಪ್ಪನವರಿಗೆ ಹೋದ ಜೀವ ಬಂದಂತಾಯಿತು. ಇಂದುಮತಿ ವರದಿಯ ಹಾಳೆ ಎಳೆದುಕೊಂಡರು. "ಪೂಜಿ ಬಿಟ್ಟು ಬ್ಯಾರೆ ಯಾವಾಗರೆ, ಯಾರಾದರೂ ಇದರೊಳಗ ಕೈ ಹಾಕಿದ್ರೇನು?"

"ಇಲ್ಲ" ಎನ್ನಲು ಬಾಯಿ ತೆರೆದ ಮುನಿಯಲ್ಲಪ್ಪನವರಿಗೆ ತಟ್ಟನೆ ನೆನಪಾಯಿತು. ಮೇ ತಿಂಗಳಲ್ಲಿ ಯಂತ್ರದ ಫ್ಯಾನು ಕಟಕಟ ಎನ್ನುತ್ತಿತ್ತು. ಪ್ರಯೋಗಾಲಯಕ್ಕೆ ಕಾಗದ ಬರೆದರೆ ತಿಂಗಳು ಕಾಯಬೇಕು. ಸಾಹೇಬರ ಕೋಣೆಯ ಎ.ಸಿ. ರಿಪೇರಿಗೆ ಬಂದಿದ್ದವನನ್ನು ಕರೆದು, ತಾವೇ ಸೀಲು ಕಿತ್ತು, "ಇದಕ್ಕೂ ಒಂದು ಕೈ ಹಾಕಯ್ಯಾ" ಎಂದಿದ್ದರು. ಪಾಪ, ದುಡ್ಡೂ ಕೇಳದೆ ಮಾಡಿಕೊಟ್ಟು ಹೋಗಿದ್ದ. ಮರುದಿನವೇ ಅವನ ಹೆಸರು ಬಂದಿತ್ತು.

ಅಯ್ಯೋ ದೇವರೇ! ಇಲ್ಲ ಎಂದರೆ ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ಹೌದು ಎಂದರೆ ಸೀಲು ಕಿತ್ತದ್ದೂ, ನಿರಪರಾಧಿಯನ್ನು ಒಳಗೆ ಹಾಕಿಸಿದ್ದೂ ತಮ್ಮ ತಲೆಗೇ. ಮುನಿಯಲ್ಲಪ್ಪನವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಬರ್ಕೊಳ್ಳಿ ಮೇಡಂ. ಕೈ ಹಾಕಿದವನು ಇನಾಸಪ್ಪ. ಹಾಕಿಸಿದವನು ನಾನು."

ನಿವೃತ್ತಿಯ ದಿನ ಹಾರವೂ ಇರಲಿಲ್ಲ, ಭಾಷಣವೂ ಇರಲಿಲ್ಲ. ಪಿಂಚಣಿಯ ಕಡತ ವಿಚಾರಣೆಯಲ್ಲಿ ಸಿಕ್ಕಿಕೊಂಡಿತ್ತು. ರುಕ್ಮಾಬಾಯಿಯವರ ಸರವೂ ಸಿಕ್ಕಿರಲಿಲ್ಲ. ಪೊನ್ನಪ್ಪನವರು ಅಕ್ಕಪಕ್ಕದವರನ್ನು ಬಾಯಿಬಿಟ್ಟು ವಿಚಾರಿಸುವುದನ್ನು ಹೊಸದಾಗಿ ಕಲಿಯುತ್ತಿದ್ದರು.

ಆಮೇಲೆ ಮೂರು ವಾರಕ್ಕೆ ನ್ಯಾಯಾಲಯದ ಆದೇಶ ಬಂತು. ಆ ಬೆಳಿಗ್ಗೆ ಮುನಿಯಲ್ಲಪ್ಪನವರು ಜೈಲಿನ ಗೇಟಿನ ಮುಂದೆ ಮಾಮೂಲಿ ಅಂಗಿ ತೊಟ್ಟು ನಿಂತಿದ್ದರು. ಕೈಚೀಲ ಹಿಡಿದು ಹೊರಬಂದ ಇನಾಸಪ್ಪ ಸೊರಗಿದ್ದ. ಕ್ಷಮೆ ಕೇಳಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ ಇವರು ಮುಂದೆ ಹೋಗಿ ಕೈಮುಗಿದರು.

ಇನಾಸಪ್ಪನೇ ಮಾತು ತೆಗೆದ. "ಸಾರ್, ಆ ಫ್ಯಾನು ಈಗ ಸರಿಯಾಗಿ ತಿರುಗ್ತಾ ಇದೆಯಾ?"

"ಚೆನ್ನಾಗಿ ತಿರುಗ್ತಾ ಇದೆ ಕಣಯ್ಯಾ."

"ಅದಕ್ಕೆ ನಾನು ಕೈ ಹಾಕಿದ್ದೆ ಅಂತಲೇ ಅವತ್ತು ನಿಮಗೆ ನೆನಪಿಸೋಕೆ ಬಂದೆ ಸಾರ್. ಬಾಯಿ ಮುಚ್ಚು ಅಂದ್ರಿ."

ಮುನಿಯಲ್ಲಪ್ಪನವರ ಕಣ್ಣು ತುಂಬಿತು. ಅವನ ಕೈಚೀಲ ಇಸಿದುಕೊಂಡು, ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಅವನನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕುಳಿತರು.

"ಈಗ ಹೇಳಪ್ಪಾ," ಎಂದರು. "ಕೇಳ್ತೀನಿ."